ಹಳೆಯ ಸೇನಾ ಚರ್ಮದ ಪೌಚ್ ಯಾವ ಕೆಲಸಕ್ಕಾಗಿ ತಯಾರಾಗಿತ್ತು? ಒಳಗಿನಿಂದ ಹೊರಕ್ಕೆ ಪರಿಶೀಲಿಸುವ ಕ್ರಮ

ಹಳೆಯ ಮನೆಯ ಅಟ್ಟದಿಂದಲೋ ಸಂದೂಕದ ತಳದಿಂದಲೋ ದಪ್ಪ ಚರ್ಮದ ಪುಟ್ಟ ಪೌಚ್ ಹೊರಬಂದಾಗ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಬಹುತೇಕ ಮನೆಗಳಲ್ಲಿ ಕೆಲಸ ಒಂದೇ ಕ್ರಮದಲ್ಲಿ ನಡೆಯುತ್ತದೆ. ಮೊದಲು ಎಣ್ಣೆ ಹಚ್ಚಿ ಒರೆಸುತ್ತಾರೆ, ಆಮೇಲೆ ಮುದ್ರೆ ಹುಡುಕುತ್ತಾರೆ, ಕೊನೆಗೆ ಮೊಬೈಲಿನಲ್ಲಿ ಹೋಲುವ ಚಿತ್ರವೊಂದನ್ನು ಕಂಡು ‘ಇದು ಗುಂಡಿನ ಚೀಲ’ ಎಂದು ತೀರ್ಮಾನಿಸುತ್ತಾರೆ. ಉತ್ತರ ಮೇಲಿಂದ ಮೇಲೆ ತಪ್ಪುವುದು ಈ ಕ್ರಮದಿಂದಲೇ. ಪೌಚಿನ ಉದ್ದೇಶವನ್ನು ಹೇಳುವ ನಿಜವಾದ ಸಾಕ್ಷ್ಯ ಅದರ ಒಳಗಿನ ಖಾಲಿ ಜಾಗದಲ್ಲಿ ಮತ್ತು ಅದು ತೂಗುತ್ತಿದ್ದ ರೀತಿಯಲ್ಲಿ ಇರುತ್ತದೆ. ಮುದ್ರೆ ಹೇಳುವುದು ಹೆಚ್ಚೆಂದರೆ ಯಾರು, ಎಲ್ಲಿ, ಯಾವಾಗ ತಯಾರಿಸಿದರು ಎಂಬುದನ್ನು. ಎಣ್ಣೆಯ ಬಟ್ಟೆ ಒಳಗೆ ಒಮ್ಮೆ ಹೋಗಿ ಬಂದರೆ ಆ ಸಾಕ್ಷ್ಯದ ಅರ್ಧಭಾಗ ಅಳಿದಂತೆಯೇ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ, ಯಾವುದನ್ನೂ ಬಿಡದೆ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಬೇಕಾಗುವ ಸಾಮಗ್ರಿ

ಮಿಲಿಮೀಟರ್ ಗುರುತುಗಳಿರುವ ಉಕ್ಕಿನ ಸ್ಕೇಲ್, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಸಣ್ಣ ಟಾರ್ಚ್, ಸಣ್ಣ ಅಯಸ್ಕಾಂತ, ಮೆದುವಾದ ಒಣ ಬಣ್ಣದ ಕುಂಚ, ಬಿಳಿಯ ಹತ್ತಿ ಬಟ್ಟೆ, ದಪ್ಪ ರಟ್ಟು, ಕತ್ತರಿ, ನೋಟ್‌ಬುಕ್ ಮತ್ತು ಪೆನ್ಸಿಲ್ ಸಾಕು. ಕೆಲಸವನ್ನು ಬಿಳಿಯ ಹಾಳೆ ಹಾಸಿದ ಮೇಜಿನ ಮೇಲೆಯೇ ಮಾಡಬೇಕು. ಪೌಚಿನಿಂದ ಉದುರುವ ಧೂಳು, ದಾರದ ತುಂಡು, ಉಣ್ಣೆಯ ಎಳೆ ಎಲ್ಲವೂ ಸಾಕ್ಷ್ಯವೇ ಆದ್ದರಿಂದ ಅವುಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಇಡಬೇಕು. ಎಣ್ಣೆ, ಪಾಲಿಶ್, ಸಾಬೂನು, ಹಿತ್ತಾಳೆ ತಿಕ್ಕುವ ಪುಡಿ ಇವು ಆ ಕೋಣೆಯಲ್ಲೇ ಇರದಿದ್ದರೆ ಒಳ್ಳೆಯದು.

ಹಂತ 1: ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳುವುದು

ಪೌಚಿನೊಳಗೆ ಬೆರಳು ಹಾಕುವ ಮೊದಲು ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಒಳಗೆ ಕಾಡತೂಸು, ಮದ್ದಿಗೆ ಕಿಡಿ ಕೊಡುವ, ತಾಮ್ರದ ಪುಟ್ಟ ಟೊಪ್ಪಿಗೆಯಂತಹ ಕೇಪು, ತಂತಿಯ ಕೊನೆಯುಳ್ಳ ಲೋಹದ ನಳಿಗೆ ಇವುಗಳಲ್ಲಿ ಯಾವುದಾದರೂ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಎಂಬ ಸ್ಫೋಟಕವಿರುತ್ತದೆ. ಅದು ಪೆಟ್ಟು ಬಿದ್ದರೂ ಉಜ್ಜಿದರೂ ಸಿಡಿಯುವಂಥದ್ದು, ವರ್ಷಗಳು ಕಳೆದವೆಂದು ನಿರುಪದ್ರವಿಯಾಗುವುದಿಲ್ಲ. ಕಾಡತೂಸನ್ನು ತಿಕ್ಕುವುದು, ಬಿಚ್ಚುವುದು, ಬಿಸಿಲಿಗೆ ಇಡುವುದು ಬೇಡ. ಪರವಾನಗಿ ಇಲ್ಲದೆ ಮದ್ದುಗುಂಡು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧವಾಗುತ್ತದೆ. ಅಜ್ಜನ ಕಾಲದ್ದು ಎಂಬ ಕಾರಣ ಅಲ್ಲಿ ನಿಲ್ಲುವುದಿಲ್ಲ. ಪೌಚನ್ನು ಅಲುಗಾಡಿಸದೆ ಇಟ್ಟು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು.

ಹಂತ 2: ಚರ್ಮದ ಆರೋಗ್ಯ ನೋಡಿ, ಇದ್ದಂತೆಯೇ ಚಿತ್ರ ತೆಗೆಯುವುದು

ಬಿಳಿಯ ಬಟ್ಟೆಯನ್ನು ಪೌಚಿನ ಹಿಂಬದಿಯ ಕಾಣದ ಮೂಲೆಯೊಂದಕ್ಕೆ ಮೆಲ್ಲಗೆ ತಾಗಿಸಿ ನೋಡಬೇಕು. ಬಟ್ಟೆಗೆ ಕೆಂಪು-ಕಂದು ಪುಡಿ ಹತ್ತಿದರೆ ಅದು ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಬರುವ ‘ಕೆಂಪು ಕೊಳೆ’. ಅಂಥ ಚರ್ಮ ಒಳಗಿನಿಂದಲೇ ಪುಡಿಯಾಗುತ್ತಿರುತ್ತದೆ, ಎಣ್ಣೆ ಹಚ್ಚಿದರೆ ಕಪ್ಪಾಗಿ ಇನ್ನಷ್ಟು ಬೇಗ ಬಿರಿಯುತ್ತದೆ. ಅದರ ಮುಚ್ಚಳವನ್ನು ಒಂದೇ ಸಲ ತೆರೆದು, ಎಲ್ಲ ಅಳತೆಗಳನ್ನೂ ಅದೇ ಸಲ ಮುಗಿಸಿ ಮುಚ್ಚಬೇಕು. ಮುಚ್ಚಳ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಬಲ ಹಾಕಿ ಎತ್ತಬಾರದು, ನೀರಿನಲ್ಲಿ ನೆನೆಸಲೂ ಬಾರದು. ಬದಿಯ ಸಂದಿನಿಂದ ಟಾರ್ಚ್ ಬಿಟ್ಟು ಕಂಡಷ್ಟನ್ನು ಮಾತ್ರ ಬರೆದುಕೊಳ್ಳಬೇಕು. ಮಳೆಗಾಲದಲ್ಲಿ ಹೊರತೆಗೆದ ಪೌಚಿನ ಮೇಲೆ ಬೂಷ್ಟು ಇದ್ದರೆ ನೆರಳಿನಲ್ಲಿ ಗಾಳಿಗಿಟ್ಟು, ಒಣಗಿದ ಬಳಿಕ ಕುಂಚದಿಂದ ಹೊರಭಾಗವನ್ನು ಮಾತ್ರ ಸವರಬೇಕು.

ಮುಂದೆ, ಹಿಂದೆ, ಎರಡು ಬದಿ, ತಳ, ತೆರೆದ ಮುಚ್ಚಳದ ಒಳಮೈ, ಒಳಭಾಗ ಹೀಗೆ ಎಲ್ಲ ಕಡೆಯ ಚಿತ್ರಗಳನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟೇ ತೆಗೆಯಬೇಕು. ಬಹುತೇಕರು ಮುಂಭಾಗದ ಚಿತ್ರವೊಂದನ್ನೇ ತೆಗೆದು ಎಲ್ಲರಿಗೂ ಕಳುಹಿಸುತ್ತಾರೆ. ಮುಂಭಾಗದಲ್ಲಿ ಎಲ್ಲ ಪೌಚುಗಳೂ ಒಂದೇ ಬಗೆ ಕಾಣುತ್ತವೆ. ಹಿಂಭಾಗದ ಚಿತ್ರವಿಲ್ಲದೆ ತಿಳಿದವರೂ ಏನನ್ನೂ ಹೇಳಲಾರರು.

ಹಂತ 3: ಒಳ ಅಳತೆ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಹೊರ ಅಳತೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಚರ್ಮದ ದಪ್ಪ, ಅಂಚಿನ ಮಡಿಕೆ ಮತ್ತು ಹೊಲಿಗೆಯ ಬದಿ ಸೇರಿ ಹಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಸ್ಕೇಲನ್ನು ಒಳಗೆ ಇಳಿಸಿ ಎತ್ತರ, ಅಗಲ, ಆಳ ಈ ಮೂರನ್ನು ಬಾಯಿಯ ಹತ್ತಿರ ಒಮ್ಮೆ, ತಳದ ಹತ್ತಿರ ಒಮ್ಮೆ ಅಳೆಯಬೇಕು. ತಳಕ್ಕೆ ಹೋದಂತೆ ಕಿರಿದಾಗುತ್ತದೆಯೇ, ತಳ ಚಪ್ಪಟೆಯೇ ದುಂಡಗೆಯೇ ಎಂಬುದನ್ನೂ ಬರೆಯಬೇಕು. ಹಳೆಯ ಚರ್ಮ ಒಣಗಿ ಕುಗ್ಗಿರುತ್ತದೆಯಾದ್ದರಿಂದ ಎರಡು ಮೂರು ಮಿಲಿಮೀಟರ್ ಕೊರತೆಯನ್ನು ಮನ್ನಿಸಬಹುದು, ಹತ್ತನ್ನಲ್ಲ.

ಈಗ ಆ ಜಾಗದಲ್ಲಿ ಯಾವ ವಸ್ತು ಕೂರುತ್ತದೆ ಎಂದು ಹೋಲಿಸಬೇಕು. ಲೀ-ಎನ್‌ಫೀಲ್ಡ್ ರೈಫಲಿನ .303 ಕಾಡತೂಸು ಸುಮಾರು 78 ಮಿಲಿಮೀಟರ್ ಉದ್ದ, ಅದರ ಬುಡದ ಅಂಚು 13 ಮಿಲಿಮೀಟರಿಗಿಂತ ತುಸು ಹೆಚ್ಚು. ಐದು ಕಾಡತೂಸುಗಳನ್ನು ಹಿಡಿದಿಡುವ ಲೋಹದ ಚಾರ್ಜರ್ ಸುಮಾರು 65 ಮಿಲಿಮೀಟರ್ ಅಗಲ ಬೇಡುತ್ತದೆ. ಮಾರ್ಟಿನಿ-ಹೆನ್ರಿ ರೈಫಲಿನ ಕಾಡತೂಸು ಉದ್ದದಲ್ಲಿ .303ಕ್ಕೆ ಹತ್ತಿರವಿದ್ದರೂ ಬುಡದಲ್ಲಿ ಸುಮಾರು 19 ಮಿಲಿಮೀಟರ್ ದಪ್ಪ. ಅದಕ್ಕಿಂತ ಹಿಂದಿನ ಸ್ನೈಡರ್ ರೈಫಲಿನದು ಮೊಂಡ, ಸುಮಾರು 62 ಮಿಲಿಮೀಟರ್ ಉದ್ದ. ರಿವಾಲ್ವರಿನ .455 ಮತ್ತು .38 ಗುಂಡುಗಳು ಎರಡೂ 30 ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಬೇಟೆಗೆ, ಬೆಳೆ ಕಾಯಲು ಬಳಸುತ್ತಿದ್ದ 12 ಬೋರಿನ ತೋಟಾ 65ರಿಂದ 70 ಮಿಲಿಮೀಟರ್ ಉದ್ದ, ಬುಡದಲ್ಲಿ ಸುಮಾರು 22 ಮಿಲಿಮೀಟರ್.

ನಿಜವಾದ ಗುಂಡು ಬೇಕಿಲ್ಲ. ಈ ಅಳತೆಗಳಿಗೆ ರಟ್ಟನ್ನು ಕತ್ತರಿಸಿ ಅಥವಾ ಸುರುಳಿ ಸುತ್ತಿ ನಮೂನೆಗಳನ್ನು ಮಾಡಿಕೊಂಡು, ಪೌಚಿನ ಬಾಯಿಯ ಪಕ್ಕದಲ್ಲಿ ಹಿಡಿದು ನೋಡಬೇಕು. ಚರ್ಮ ಗಟ್ಟಿಯಾಗಿದ್ದರೆ ಮಾತ್ರ ಒಳಗೆ ಇಳಿಸಬೇಕು. ವಸ್ತು ಒಳಗೆ ಹಿಡಿಸಿದರೆ ಸಾಲದು, ಮುಚ್ಚಳ ಮುಚ್ಚಬೇಕು, ಒಳಗೆ ಅಲುಗಾಡಬಾರದು, ಬೆರಳು ಹಾಕಿ ತೆಗೆಯಲು ಅವಕಾಶವಿರಬೇಕು. ಸೇನೆಯ ವಸ್ತುಗಳನ್ನು ಈ ಮೂರನ್ನೂ ನೋಡಿಯೇ ರೂಪಿಸುತ್ತಿದ್ದರು. ‘ಹಿಡಿಸುತ್ತದೆ’ ಎಂಬ ಒಂದೇ ಕಾರಣಕ್ಕೆ ತೀರ್ಪು ಕೊಟ್ಟರೆ ದೊಡ್ಡ ಪೌಚೆಲ್ಲವೂ ಗುಂಡಿನ ಪೌಚೇ ಆಗಿಬಿಡುತ್ತದೆ.

ಹಂತ 4: ಒಳಮೈಯ ಗುರುತುಗಳು

ಅಳತೆ ಮುಗಿದ ಮೇಲೆ ಒಳಗಿನ ಮೈಯನ್ನು ಟಾರ್ಚ್ ಹಿಡಿದು ಸಾವಕಾಶವಾಗಿ ಓದಬೇಕು. ಅಸ್ತರಿ ಇದೆಯೇ, ಇದ್ದರೆ ಯಾವುದರದು? ಕುರಿಯ ಉಣ್ಣೆಯುಳ್ಳ ತೊಗಲಿನ ಪಟ್ಟಿ ಬಾಯಿಯ ಬಳಿ ಹೊಲಿದಿದ್ದರೆ, ಪೌಚ್ ಅಂಗೈಯಷ್ಟು ಚಿಕ್ಕದಾಗಿದ್ದರೆ, ಅದು ಕೇಪಿನ ಪೌಚ್ ಆಗಿರುವ ಸಾಧ್ಯತೆ ಬಲವಾಗಿದೆ. ಸೈನಿಕ ಓಡುವಾಗ ಕೇಪುಗಳು ಚೆಲ್ಲದಿರಲೆಂದು ಆ ಉಣ್ಣೆ. ಎಷ್ಟೋ ಮನೆಗಳಲ್ಲಿ ಅದನ್ನು ಹುಳು ಹಿಡಿದ ಕಸವೆಂದು ಕಿತ್ತೆಸೆಯುತ್ತಾರೆ. ಉಣ್ಣೆ ಹೋಗಿದ್ದರೂ ಅದನ್ನು ಹೊಲಿದ ಸೂಜಿತೂತುಗಳ ಸಾಲು ಉಳಿದಿರುತ್ತದೆ, ಅದನ್ನು ಹುಡುಕಬೇಕು. ಮಖಮಲ್ ಅಥವಾ ಕಂಬಳಿಯಂಥ ಮೆತ್ತನೆಯ ಅಸ್ತರಿ ದಿಕ್ಸೂಚಿ, ದುರ್ಬೀನು, ಕನ್ನಡಿ ಮುಂತಾದ ಪೆಟ್ಟು ತಾಳದ ಉಪಕರಣಗಳನ್ನು ಸೂಚಿಸುತ್ತದೆ. ಗುಂಡಿಗೆ ಮಖಮಲ್ ಬೇಕಾಗುವುದಿಲ್ಲ. ತೂತು ಕೊರೆದ ಮರದ ತುಂಡೋ ತಗಡಿನ ಒಳಪೆಟ್ಟಿಗೆಯೋ ಇದ್ದರೆ ಅದು ಕಾಗದದಲ್ಲಿ ಮದ್ದು ಸುತ್ತಿದ ಕಾಡತೂಸುಗಳ ಕಾಲದ್ದು. ಕಾಗದ ಜಜ್ಜಿ ಹೋಗದಂತೆ ಹಾಗೆ ಇಡುತ್ತಿದ್ದರು.

ಅಸ್ತರಿ ಇಲ್ಲದಿದ್ದರೆ ಒತ್ತುಗುರುತು ನೋಡಬೇಕು. ಬಹುಕಾಲ ಒಂದೇ ವಸ್ತುವನ್ನು ಹೊತ್ತ ಚರ್ಮದಲ್ಲಿ ಅದರ ಆಕಾರ ಕೂತಿರುತ್ತದೆ. ಒಂದರ ಪಕ್ಕ ಒಂದು ಉದ್ದನೆಯ ಲಂಬ ಗೆರೆಗಳು ಕಾಡತೂಸಿನ ಸಾಲನ್ನು, ಅರ್ಧಚಂದ್ರದ ಗುರುತು ಮತ್ತು ಕಬ್ಬಿಣದ ಜಂಗು ಕುದುರೆಯ ಲಾಳವನ್ನು, ಒಂದೇ ದುಂಡು ಗುರುತು ದಿಕ್ಸೂಚಿಯನ್ನು ಹೇಳುತ್ತವೆ. ತಳದಲ್ಲಿ ಹಸಿರು ಕಿಲುಬಿನ ಪುಟ್ಟ ಉಂಗುರಗಳಿದ್ದರೆ ಹಿತ್ತಾಳೆಯ ಕಾಡತೂಸುಗಳು ಬಹಳ ದಿನ ಅಲ್ಲಿ ನಿಂತಿದ್ದವು ಎಂದು ತಿಳಿಯಬಹುದು. ಉಂಗುರದ ವ್ಯಾಸವನ್ನು ಅಳೆದರೆ ಯಾವ ಕಾಡತೂಸು ಎಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಎಣ್ಣೆಬಟ್ಟೆಯಿಂದ ಮೊದಲು ಅಳಿಯುವ ಸಾಕ್ಷ್ಯ ಇದೇ.

ಇಲ್ಲಿ ನಮ್ಮ ಭಾಗದ ಒಂದು ಎಚ್ಚರಿಕೆ ಅಗತ್ಯ. ಸೇನೆಯಿಂದ ಬಂದ ಪೌಚುಗಳು ಮನೆಯಲ್ಲಿ ಸುಮ್ಮನೆ ಕೂತಿರುವುದಿಲ್ಲ. ಅವುಗಳಲ್ಲಿ ಎಲೆ-ಅಡಿಕೆ, ಸುಣ್ಣದ ಡಬ್ಬಿ, ಚಿಲ್ಲರೆ, ಬೀಗದ ಕೈ ಎಲ್ಲವೂ ಇದ್ದವು. ಬಿಳಿಯ ಸುಣ್ಣದ ಕಲೆ, ಅಡಿಕೆಯ ಕೆಂಗಂದು ಕಲೆ, ನಾಣ್ಯದ ಚಪ್ಪಟೆ ದುಂಡು ಗುರುತು ಇವು ಎರಡನೆಯ ಬದುಕಿನ ಗುರುತುಗಳು. ನಾಣ್ಯದ ಒತ್ತು ಗೋಡೆಯ ಮೇಲಿರುತ್ತದೆ, ಕಾಡತೂಸಿನ ಬುಡದ ಉಂಗುರ ತಳದಲ್ಲಿರುತ್ತದೆ. ಈ ಭೇದವನ್ನು ಮರೆಯಬಾರದು.

ಹಂತ 5: ಹಿಂಭಾಗ, ಅಂದರೆ ಅದು ತೂಗುತ್ತಿದ್ದ ರೀತಿ

ಒಳಭಾಗದ ನಂತರ ಹೆಚ್ಚು ಮಾತನಾಡುವುದು ಹಿಂಭಾಗ. ಹಿಂದೆ ಅಗಲವಾದ ಲಂಬ ಬಾರು-ಕುಣಿಕೆ ಒಂದೋ ಎರಡೋ ಇದ್ದರೆ ಪೌಚ್ ಸೊಂಟಪಟ್ಟಿಗೆ ಸೇರಿದ್ದು; ಕುಣಿಕೆಯ ಒಳ ಎತ್ತರವೇ ಪಟ್ಟಿಯ ಅಗಲ, ಅದನ್ನು ಅಳೆದಿಡಬೇಕು. ಎರಡು ಬದಿಗಳಲ್ಲಿ ಲೋಹದ ಉಂಗುರಗಳಿದ್ದರೆ ಅದು ಎದೆಗೆ ಅಡ್ಡಲಾಗಿ ಬರುವ ಪಟ್ಟಿಗೆ ತೂಗುತ್ತಿತ್ತು. ಅಂಥ ಪೌಚ್ ಆಳವಿಲ್ಲದೆ, ಮುಚ್ಚಳದ ಮೇಲೆ ಲೋಹದ ಅಲಂಕಾರ ಹೊತ್ತಿದ್ದರೆ ಅದು ಅಶ್ವದಳದ ಅಥವಾ ರೈಫಲ್ ದಳದ ಅಧಿಕಾರಿಯ ಮೆರವಣಿಗೆಯ ಪೌಚ್ ಇರಬಹುದು. ಅದರಲ್ಲಿ ಹೆಚ್ಚೇನೂ ಇಡುತ್ತಿರಲಿಲ್ಲ. ಮುಚ್ಚಳ ಬೆಳ್ಳಿಯದಾಗಿದ್ದು ಲಂಗರಿನ ಚಿಕ್ಕ ಗುರುತಿದ್ದರೆ ಆ ಬೆಳ್ಳಿ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು.

ಹಿಂದೆ ಕುಣಿಕೆಯೇ ಇಲ್ಲದೆ, ಮೇಲೂ ಕೆಳಗೂ ಬಕಲ್ ಇರುವ ಗಿಡ್ಡ ಬಾರುಗಳಿದ್ದರೆ ಮನುಷ್ಯನ ಮೈಮೇಲೆ ಹುಡುಕುವುದನ್ನು ಬಿಟ್ಟು ಕುದುರೆಯ ಜೀನಿನ ಮೇಲೆ ಹುಡುಕಬೇಕು. ಒಂದೇ ಅಗಲ ಪಟ್ಟಿಯ ಮೇಲೆ ಐದು ಪುಟ್ಟ ಜೇಬುಗಳು ಸಾಲಾಗಿದ್ದರೆ ಅದು 1903ರ ಮಾದರಿಯ ಬ್ಯಾಂಡೊಲಿಯರ್, ಅಂದರೆ ಎದೆಗೆ ಅಡ್ಡಲಾಗಿ ಹಾಕುವ ಗುಂಡಿನ ಪಟ್ಟಿ. ಜೇಬಿಗೆ ಹತ್ತರಂತೆ 50 ಗುಂಡು. ಕುದುರೆ ಸವಾರರ ಬ್ಯಾಂಡೊಲಿಯರಿನಲ್ಲಿ ಬೆನ್ನ ಮೇಲೆ ಇನ್ನೂ ನಾಲ್ಕು ಜೇಬುಗಳಿದ್ದು 90 ಗುಂಡು ಹಿಡಿಯುತ್ತಿದ್ದವು. ಇವುಗಳಿಂದ ಕತ್ತರಿಸಿದ ಬಿಡಿ ಜೇಬೊಂದೇ ಕೈಗೆ ಬಂದಿದ್ದರೆ ಅದನ್ನು ಸ್ವತಂತ್ರ ಪೌಚ್ ಎಂದು ಭಾವಿಸುವ ತಪ್ಪು ಸುಲಭವಾಗಿ ಆಗುತ್ತದೆ. ಹಿಂಬದಿಯ ಚರ್ಮದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕತ್ತರಿಸಿದ ಬದಿ ಒರಟಾಗಿಯೂ ಮೂಲ ಅಂಚು ನಯವಾಗಿಯೂ ಇರುತ್ತದೆ.

ಬಾರು ಇಲ್ಲದ್ದನ್ನು ಕಂಡು ನಿರಾಶರಾಗಬೇಕಿಲ್ಲ. ಒಳ್ಳೆಯ ಚರ್ಮದ ಬಾರನ್ನು ರೈತರು ಬಿಟ್ಟಾರೆಯೇ? ಅದು ನೊಗದ ಜತ್ತಿಗೆಗೋ ಬಾರುಕೋಲಿಗೋ ಹೋಗಿರುತ್ತದೆ. ಬಾರು ಕೂತಿದ್ದ ಜಾಗದಲ್ಲಿ ಚರ್ಮದ ಬಣ್ಣ ಗಾಢವಾಗಿ ಉಳಿದಿರುತ್ತದೆ, ರಿವೆಟಿನ ತೂತುಗಳೂ ಇರುತ್ತವೆ. ಆ ನೆರಳಿನ ಅಗಲವನ್ನು ಅಳೆದರೆ ಬಾರು ಕೈಯಲ್ಲಿದ್ದಂತೆಯೇ.

ಹಂತ 6: ಮುಚ್ಚುವ ವಿಧಾನ ಮತ್ತು ಲೋಹ

ಯುದ್ಧದಲ್ಲಿ ತಕ್ಷಣ ಬೇಕಾಗುವ ವಸ್ತುವಿನ ಪೌಚನ್ನು ಒಂದೇ ಕೈಯಿಂದ ತೆರೆಯುವಂತೆ ರೂಪಿಸುತ್ತಾರೆ: ಹಿತ್ತಾಳೆಯ ಬಟನ್ನಿಗೆ ಸಿಕ್ಕಿಸುವ ಚರ್ಮದ ನಾಲಿಗೆ ಅದರ ಸಾಮಾನ್ಯ ರೂಪ. ಬಕಲ್ ಬಿಗಿದು ಮುಚ್ಚುವ ಪೌಚ್ ನಿಧಾನವಾಗಿ ತೆಗೆಯುವ ವಸ್ತುವಿನದು, ಅಂದರೆ ಉಪಕರಣ, ಲಾಳ, ರಿಪೇರಿ ಸಾಮಾನು. ಈ ಒಂದು ವಿವೇಚನೆಯೇ ಎಷ್ಟೋ ಊಹೆಗಳನ್ನು ತಳ್ಳಿಹಾಕುತ್ತದೆ.

ಲೋಹಕ್ಕೆ ಅಯಸ್ಕಾಂತ ತಾಗಿಸಬೇಕು. ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಮೇಲೆ ಬಣ್ಣ ಅಥವಾ ಲೇಪವಿರುವ ಕಬ್ಬಿಣ. ಟಿಚ್ ಬಟನ್ ಇದ್ದರೆ 1885ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಅದಕ್ಕೆ ಜರ್ಮನಿಯಲ್ಲಿ ಹಕ್ಕುಪತ್ರ ಸಿಕ್ಕಿದ್ದೇ ಆ ವರ್ಷ. ಜಿಪ್ ಇದ್ದರೆ ಇನ್ನೂ ಈಚಿನದು. ಆದರೆ ಮುಚ್ಚುವ ಭಾಗವೇ ಮೊದಲು ಹಾಳಾಗುವುದರಿಂದ ಅದು ನಂತರ ಹಾಕಿಸಿದ್ದಿರಬಹುದು. ಪಕ್ಕದಲ್ಲೇ ಬಳಕೆಯಾಗದ ಹಳೆಯ ತೂತು ಇದೆಯೇ ಎಂದು ನೋಡದೆ ಬಟನ್ನಿನಿಂದ ಕಾಲ ನಿರ್ಣಯಿಸಬಾರದು.

ಹಂತ 7: ಚರ್ಮ ಮತ್ತು ಹೊಲಿಗೆ

ಈ ಹಂತದಲ್ಲಿ ಚಪ್ಪಲಿ, ಜೀನು ಹೊಲಿದು ಅನುಭವವಿರುವ ಹಿರಿಯ ಕಸಬುದಾರರೊಬ್ಬರು ಪಕ್ಕದಲ್ಲಿದ್ದರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಆರಿಯಿಂದ ತೂತು ಮಾಡಿ ಮೇಣ ಸವರಿದ ಒಂದೇ ದಾರದ ಎರಡು ತುದಿಗಳನ್ನು ಎದುರುಬದುರಾಗಿ ದಾಟಿಸಿದ ಕೈಹೊಲಿಗೆಯನ್ನು ಅವರು ನೋಡಿದ ಕೂಡಲೇ ಹೇಳುತ್ತಾರೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಕೆಳಗಿನ ದಾರ ಬೇರೆಬೇರೆಯಾಗಿದ್ದು ಚರ್ಮದ ನಡುವೆ ಕೊಕ್ಕೆ ಹಾಕಿಕೊಂಡಿರುತ್ತವೆ. ಕೈಹೊಲಿಗೆ ಎಂದ ಮಾತ್ರಕ್ಕೆ ಪೌಚ್ 1857ರ ಕಾಲದ್ದೆಂದು ಹೇಳಲಾಗದು, ಏಕೆಂದರೆ ಯಂತ್ರಗಳು ಬಂದ ಮೇಲೂ ದಪ್ಪ ಚರ್ಮದ ಸಾಮಾನುಗಳಲ್ಲಿ ಕೈಹೊಲಿಗೆ ಬಹುಕಾಲ ಮುಂದುವರಿಯಿತು. ಯಂತ್ರದ ಹೊಲಿಗೆ ಇದ್ದರೆ ಮಾತ್ರ ತೀರಾ ಹಳೆಯ ಕಾಲವನ್ನು ಕೈಬಿಡಬಹುದು.

ಒಂದು ಅಂಗುಲದಲ್ಲಿ ಎಷ್ಟು ಹೊಲಿಗೆಗಳಿವೆ ಎಂದು ಪೌಚಿನ ಎಲ್ಲ ಬದಿಗಳಲ್ಲೂ ಎಣಿಸಬೇಕು. ಸೇನೆಯ ಗುತ್ತಿಗೆಯ ಸಾಮಾನಿನಲ್ಲಿ ಈ ಸಂಖ್ಯೆ ಎಲ್ಲೆಡೆ ಒಂದೇ ಬರುತ್ತದೆ. ಒಂದು ಬದಿಯಲ್ಲಿ ಮಾತ್ರ ಬೇರೆ ಬಂದರೆ ಆ ಬದಿ ದುರಸ್ತಿಯಾಗಿದೆ. ಚರ್ಮದ ಹದವೂ ಊರನ್ನು ಸೂಚಿಸುತ್ತದೆ. ಉತ್ತರ ಭಾರತದಲ್ಲಿ, ಮುಖ್ಯವಾಗಿ ಕಾನಪುರದಲ್ಲಿ, ಜಾಲಿ ತೊಗಟೆಯಿಂದ ಹದ ಮಾಡುತ್ತಿದ್ದರು. ದಕ್ಷಿಣದಲ್ಲಿ ತಂಗಡಿ ತೊಗಟೆ ಹೆಚ್ಚು ಬಳಕೆಯಲ್ಲಿತ್ತು. ಜಾಲಿಯ ಹದ ಗಾಢ ಕಂದಿನತ್ತ, ತಂಗಡಿಯದು ತಿಳಿ ಹಳದಿಯತ್ತ ವಾಲುತ್ತದೆ. ಬಣ್ಣ ಹಾಕಿರದ, ಬೆಳಕು ಬೀಳದ ಒಳ ಮಡಿಕೆಯಲ್ಲಿ ಮಾತ್ರ ಇದನ್ನು ನೋಡಬೇಕು, ಮತ್ತು ಇದನ್ನು ಪೂರಕ ಸಾಕ್ಷ್ಯವಾಗಿ ಮಾತ್ರ ಬಳಸಬೇಕು.

ಹಂತ 8: ಮುದ್ರೆಗಳನ್ನು ಓದುವುದು

ಈಗ, ಈಗ ಮಾತ್ರ, ಮುದ್ರೆಗೆ ಬರಬೇಕು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚರ್ಮದ ಮೈಗೆ ಸಮನಾಗಿ ಅಡ್ಡಲಾಗಿ ಹಿಡಿದು, ನಾಲ್ಕು ದಿಕ್ಕುಗಳಿಂದ ಒಂದೊಂದು ಚಿತ್ರ ತೆಗೆದರೆ ಕಣ್ಣಿಗೆ ಕಾಣದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತದೆ. ಸೀಮೆಸುಣ್ಣದ ಪುಡಿ ತುಂಬುವುದು, ಪೆನ್ನಿನಿಂದ ತಿದ್ದುವುದು ಸರ್ವಥಾ ಬೇಡ. ಮುಚ್ಚಳದ ಒಳಮೈ, ಹಿಂಭಾಗ, ಕುಣಿಕೆಯ ಅಡಿ ಇವು ಸಾಮಾನ್ಯವಾಗಿ ಮುದ್ರೆ ಬೀಳುವ ಜಾಗಗಳು.

ಮೂರು ಗೆರೆಗಳ ಬಾಣದ ಗುರುತು ಬ್ರಿಟಿಷ್ ಸರ್ಕಾರಿ ಸ್ವತ್ತಿನದು. ಅದರ ಜೊತೆ ರೋಮನ್ ‘ಐ’ ಅಕ್ಷರ ಸೇರಿದ್ದರೆ ಭಾರತ ಸರ್ಕಾರದ ಸ್ವತ್ತು. ಎರಡು ಬಾಣಗಳು ತುದಿಗೆ ತುದಿ ತಾಗಿ ನಿಂತಿದ್ದರೆ ಸೇನೆ ಅದನ್ನು ವಿಲೇವಾರಿ ಮಾಡಿ ಮಾರಿದೆ ಎಂದರ್ಥ. ಆಗ ಅದನ್ನು ಮನೆಗೆ ತಂದವರು ಸೈನಿಕರೇ ಆಗಿರಬೇಕಿಲ್ಲ, ಸಂತೆಯಲ್ಲಿ ಕೊಂಡಿರಲೂಬಹುದು. ಕಾನಪುರದ ಹೆಸರು ‘ಸಿ’ ಅಕ್ಷರದ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿದ್ದರೆ ಬಹುಮಟ್ಟಿಗೆ ಸ್ವಾತಂತ್ರ್ಯಕ್ಕೆ ಮುಂಚಿನ ತಯಾರಿಕೆ. ಅಲ್ಲಿಯ ಸರ್ಕಾರಿ ಜೀನು-ಸರಂಜಾಮು ಕಾರ್ಖಾನೆ 1863ರಲ್ಲಿ ಆರಂಭವಾಯಿತು; ಕೂಪರ್ ಅಲೆನ್ ಎಂಬ ಖಾಸಗಿ ಕಂಪನಿಯೂ ಅದೇ ಊರಿನಿಂದ ಸೇನೆಗೆ ಚರ್ಮದ ಸಾಮಾನು ಪೂರೈಸುತ್ತಿತ್ತು.

ಇದರಿಂದ ಹೊರಡುವ ಒಂದು ವಿಷಯವನ್ನು ನೇರವಾಗಿ ಹೇಳಬೇಕಾಗಿದೆ. ಗದಗ ಜಿಲ್ಲೆಯಲ್ಲಿ ಸಿಕ್ಕ ಪ್ರತಿಯೊಂದು ಹಳೆಯ ಪೌಚನ್ನೂ 1858ರ ನರಗುಂದದ ಬಂಡಾಯಕ್ಕೆ ಜೋಡಿಸುವ ರೂಢಿಯಿದೆ. ಅಭಿಮಾನ ಸಹಜವೇ. ಆದರೆ ಕಾನಪುರದ ಕಾರ್ಖಾನೆಯ ಮುದ್ರೆ ಹೊತ್ತ ಪೌಚ್ ಆ ಬಂಡಾಯದಲ್ಲಿ ಇರಲು ಸಾಧ್ಯವಿಲ್ಲ, .303 ಚಾರ್ಜರಿನ ಅಳತೆಯದಂತೂ ಇನ್ನೂ ಸಾಧ್ಯವಿಲ್ಲ. ಆ ಬಂಡಾಯದ ನಾಯಕ ನರಗುಂದದ ಬಾಬಾಸಾಹೇಬರ ಹೆಸರಿಗೆ ಗೌರವ ಕೊಡುವವರು ಸುಳ್ಳು ಸಾಕ್ಷ್ಯವನ್ನು ಅದಕ್ಕೆ ಅಂಟಿಸಬಾರದು.

ದಳದ ಗುರುತಿನಿಂದ ಕಾಲವೂ ತಿಳಿಯುತ್ತದೆ. ನಮ್ಮ ಭಾಗದ ಅನೇಕರು ಸೇರುತ್ತಿದ್ದ ಮರಾಠಾ ದಳಗಳಿಗೆ 1922ಕ್ಕೆ ಮುಂಚೆ 103, 105, 110, 117ರಂತಹ ಮೂರಂಕಿಯ ಸಂಖ್ಯೆಗಳಿದ್ದವು. 1922ರ ಪುನಾರಚನೆಯಲ್ಲಿ ಅವು 5ನೇ ಮರಾಠಾ ಲಘು ಪದಾತಿ ದಳದ ಪಟಾಲಂಗಳಾದವು: 103ನೆಯದು 1/5 (ಅಂದರೆ 5ನೇ ದಳದ 1ನೇ ಪಟಾಲಂ), 105ನೆಯದು 2/5, 110ನೆಯದು 3/5. ಆದ್ದರಿಂದ 110 ಎಂದಿದ್ದರೆ ಮೊದಲ ಮಹಾಯುದ್ಧದ ಆಸುಪಾಸು, 3/5 ಎಂದಿದ್ದರೆ ಅದರ ನಂತರ. ಬಿಡಿ ನಾಲ್ಕಂಕಿ ಸಂಖ್ಯೆಗಳನ್ನೆಲ್ಲ ಇಸವಿಯೆಂದು ಓದುವುದು ಇನ್ನೊಂದು ತಪ್ಪು. ಅದು ಸೈನಿಕನ ಅಥವಾ ಆಯುಧದ ಸಂಖ್ಯೆಯೂ ಆಗಿರಬಹುದು.

ದೇವನಾಗರಿ, ಮೋಡಿ (ಮರಾಠಿಯ ಹಳೆಯ ಲಿಪಿ) ಅಥವಾ ಉರ್ದು ಅಕ್ಷರಗಳಿದ್ದರೆ ಸಂಸ್ಥಾನದ ಸಿಪಾಯಿಗಳನ್ನು ನೆನೆಯಬೇಕು. ಸವಣೂರಿಗೆ ನವಾಬರಿದ್ದರು, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ ಸೇರಿದ್ದವು. ಇಂಥ ಊರುಗಳ ಪೌಚುಗಳಲ್ಲಿ ಬಾಣದ ಗುರುತು ಇಲ್ಲದಿರುವುದು ಸಹಜ.

ಹಂತ 9: ಸೇನೆಯದಲ್ಲದವುಗಳನ್ನು ಹೊರಗಿಡುವುದು

ಹುಬ್ಬಳ್ಳಿ ರೈಲ್ವೆ ಊರು, ಸಾರಿಗೆಯ ಊರು. ಇಲ್ಲಿ ಸಿಗುವ ಗಟ್ಟಿ ಚರ್ಮದ ಪೌಚುಗಳಲ್ಲಿ ಗಣನೀಯ ಭಾಗ ಸೇನೆಯದಲ್ಲವೆಂದೇ ನನ್ನ ಅಭಿಪ್ರಾಯ. ಒಂಟಿ ಹಳಿಯ ಮಾರ್ಗದಲ್ಲಿ ಮುಂದೆ ಹೋಗಲು ಅನುಮತಿಯ ಗುರುತಾಗಿ ಚಾಲಕನಿಗೆ ಕೊಡುತ್ತಿದ್ದ ಲೋಹದ ಟೋಕನ್ ಚೆಂಡನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚರ್ಮದ ಪೌಚಿನಲ್ಲಿ ಇಡುತ್ತಿದ್ದರು, ಓಡುವ ಗಾಡಿಯಿಂದಲೇ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳಲೆಂದು. ಬಳೆ ಕಳೆದುಹೋದ ಪೌಚ್ ಮಾತ್ರ ಉಳಿದರೆ ಅದನ್ನು ಗುಂಡಿನ ಪೌಚೆಂದು ನಂಬುವುದು ಸುಲಭ. ಅದರಲ್ಲಿ ಸೊಂಟಪಟ್ಟಿಯ ಕುಣಿಕೆ ಇರುವುದಿಲ್ಲ, ಮೇಲ್ಭಾಗದಲ್ಲಿ ಬಳೆ ಸವೆಸಿದ ಗುರುತಿರುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಭಾಗದಲ್ಲಿ ಗಾಡಿ ಓಡಿಸುತ್ತಿದ್ದ ಸದರ್ನ್ ಮರಾಠಾ ರೈಲ್ವೆಗೆ ತನ್ನದೇ ಸ್ವಯಂಸೇವಕ ರೈಫಲ್ ದಳವಿದ್ದುದರಿಂದ ರೈಲ್ವೆಯ ಅಕ್ಷರಗಳಿದ್ದೂ ಗುಂಡಿನ ಅಳತೆಯ ಪೌಚ್ ಸಿಗಬಹುದು ಎಂಬುದನ್ನೂ ಗಮನದಲ್ಲಿಡಬೇಕು.

ಬಸ್ ಕಂಡಕ್ಟರರ ಚೀಲದಲ್ಲಿ ನೋಟು ಮತ್ತು ಚಿಲ್ಲರೆಗೆ ಬೇರೆ ಅರೆಗಳಿರುತ್ತವೆ, ಬಾಯಿ ಅಗಲವಾಗಿರುತ್ತದೆ. ಬೇಟೆಗಾರರ ಪಟ್ಟಿಯಲ್ಲಿ 12 ಬೋರಿನ ದಪ್ಪ ಕುಣಿಕೆಗಳಿರುತ್ತವೆ. ಪೊಲೀಸರ ಪೌಚ್ ಮಾತ್ರ ನಿಜವಾಗಿ ಕಷ್ಟದ ಪ್ರಶ್ನೆ, ಏಕೆಂದರೆ ದೇಶದ ಪೊಲೀಸ್ ದಳಗಳಲ್ಲಿ .303 ರೈಫಲ್ ಈ ಶತಮಾನದವರೆಗೂ ಬಳಕೆಯಲ್ಲಿತ್ತು. ಅಳತೆ .303ಕ್ಕೆ ಹೊಂದಿ, ಚರ್ಮ ಹೊಸದಾಗಿ ಕಂಡು, ಸೇನೆಯ ಮುದ್ರೆ ಇಲ್ಲದಿದ್ದರೆ ಪೊಲೀಸ್ ಎಂಬ ಸಾಧ್ಯತೆಯನ್ನು ಮೊದಲು ಬರೆಯಬೇಕು.

ಹಂತ 10: ಊಹೆಗಳನ್ನು ಒಂದಕ್ಕೊಂದು ಎದುರು ನಿಲ್ಲಿಸುವುದು

ಕನಿಷ್ಠ ಮೂರು ಊಹೆಗಳನ್ನು ಬರೆದು, ಪ್ರತಿಯೊಂದಕ್ಕೂ ‘ಇದು ನಿಜವಾಗಿದ್ದರೆ ಇನ್ನೇನು ಕಾಣಬೇಕಿತ್ತು?’ ಎಂದು ಕೇಳಬೇಕು. ಒಂದು ಪೌಚಿನ ಒಳ ಎತ್ತರ 82, ಅಗಲ 68, ಆಳ 30 ಮಿಲಿಮೀಟರ್ ಇದೆ, ಅಸ್ತರಿ ಇಲ್ಲ, ಮುಚ್ಚಳ ಹಿತ್ತಾಳೆ ಬಟನ್ನಿಗೆ ಸಿಕ್ಕುತ್ತದೆ ಎಂದಿಟ್ಟುಕೊಳ್ಳೋಣ. .303ರ ಎರಡು ಚಾರ್ಜರುಗಳು ಇದರಲ್ಲಿ ಅಲುಗದೆ ಕೂರುತ್ತವೆ, ಒಂದೇ ಕೈಯಿಂದ ತೆರೆಯಬಹುದು. ಮಾರ್ಟಿನಿ ಕಾಡತೂಸಿಗೆ ಎತ್ತರ ಸರಿಹೋದರೂ 19 ಮಿಲಿಮೀಟರಿನ ಬುಡಗಳು ಎರಡು ಸಾಲಾಗಿ 30ರಲ್ಲಿ ಕೂರುವುದಿಲ್ಲ, ಒಂದೇ ಸಾಲಾದರೆ ಆಳದಲ್ಲಿ ಜಾಗ ವ್ಯರ್ಥವಾಗುತ್ತದೆ. ದಿಕ್ಸೂಚಿಗೆ ಅಸ್ತರಿ ಬೇಕಿತ್ತು. ಹೀಗೆ ಮೊದಲನೆಯದು ಉಳಿಯುತ್ತದೆ. ತಳದಲ್ಲಿ 13 ಮಿಲಿಮೀಟರಿನ ಕಿಲುಬಿನ ಉಂಗುರವೂ ಸಿಕ್ಕರೆ ತೀರ್ಮಾನ ಗಟ್ಟಿಯಾಗುತ್ತದೆ.

ಎರಡು ಸಾಕ್ಷ್ಯಗಳು ಪರಸ್ಪರ ವಿರುದ್ಧವಾದರೆ, ಉದಾಹರಣೆಗೆ ಅಸ್ತರಿ ಉಪಕರಣದ್ದು, ಕುಣಿಕೆ ಗುಂಡಿನ ಪೌಚಿನದು ಎನಿಸಿದರೆ, ಪೌಚ್ ಮಾರ್ಪಾಡಾಗಿದೆ ಎಂದು ಶಂಕಿಸಿ ಹಂತ 5 ಮತ್ತು 7ಕ್ಕೆ ಮರಳಬೇಕು. ಸಾಕ್ಷ್ಯವನ್ನು ಎಳೆದು ಹೊಂದಿಸುವುದು ಬೇಡ.

ಹಂತ 11: ಮನೆಯ ಮಾತನ್ನು ಕೇಳುವುದು, ಕೊನೆಯಲ್ಲಿ

ಮುತ್ಯಾ ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕ್) ಹೋಗಿದ್ದರು, ಕುದುರೆ ದಳದಲ್ಲಿದ್ದರು ಎಂಬ ಮಾತುಗಳಿಗೆ ಬೆಲೆಯಿದೆ, ಆದರೆ ಅವುಗಳನ್ನು ಮೊದಲೇ ಕೇಳಿಬಿಟ್ಟರೆ ಕಣ್ಣು ಅದನ್ನೇ ಹುಡುಕುತ್ತದೆ. ಹಿರಿಯರನ್ನು ಕೇಳುವಾಗಲೂ ‘ಇದು ಗುಂಡಿನ ಚೀಲ ಹೌದಲ್ಲರೀ?’ ಎಂದು ಕೇಳಬಾರದು. ‘ಇದು ಮನೆಯಲ್ಲಿ ಎಲ್ಲಿ ತೂಗುತ್ತಿತ್ತು, ಇದರಲ್ಲಿ ಏನಿಡುತ್ತಿದ್ದಿರಿ?’ ಎಂದು ಕೇಳಬೇಕು. ಪಿಂಚಣಿ ಪುಸ್ತಕ, ಸೇವಾ ಪ್ರಮಾಣಪತ್ರ, ಪದಕದ ಅಂಚಿನ ಬರಹ ಸಿಕ್ಕರೆ ಅದರಲ್ಲಿನ ದಳದ ಸಂಖ್ಯೆಯನ್ನು ಪೌಚಿನ ಮುದ್ರೆಗೆ ಹೋಲಿಸಬೇಕು.

ಹಂತ 12: ತೀರ್ಮಾನ ಬರೆಯುವುದು, ತೋರಿಸುವುದು

ತೀರ್ಮಾನವನ್ನು ‘ಖಚಿತ’, ‘ಬಹುಶಃ’, ‘ಸಾಧ್ಯ’ ಎಂಬ ಮೂರರಲ್ಲಿ ಒಂದು ಮಾತಿನೊಂದಿಗೆ ಬರೆದು, ಕೆಳಗೆ ಅದಕ್ಕೆ ಆಧಾರವಾದ ಅಳತೆ ಮತ್ತು ಗುರುತುಗಳನ್ನು ನಮೂದಿಸಬೇಕು. ಒಳ ಅಳತೆ, ತೂಗುವ ರೀತಿ, ಒಳಗುರುತು ಈ ಮೂರೂ ಒಂದೇ ಉತ್ತರ ಕೊಟ್ಟರೆ ಮಾತ್ರ ‘ಖಚಿತ’ ಎಂದು ಬರೆಯಬಹುದು. ಮುದ್ರೆಯೊಂದೇ ಆಧಾರವಾಗಿದ್ದರೆ ‘ಸಾಧ್ಯ’ ಎಂಬುದಕ್ಕಿಂತ ಮೇಲೆ ಹೋಗಬಾರದು.

ತಿಳಿದವರಿಗೆ ತೋರಿಸಬೇಕೆಂದಿದ್ದರೆ ಪೌಚಿಗಿಂತ ಮೊದಲು ಚಿತ್ರಗಳನ್ನೂ ಅಳತೆಗಳ ಹಾಳೆಯನ್ನೂ ಒಯ್ಯಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಸ್ತುಸಂಗ್ರಹಾಲಯವಿದೆ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಬೆಳಗಾವಿಯಲ್ಲಿದೆ. ಕೊಳ್ಳುವ ಆಸೆಯಿಂದ ಬಂದವರು ಹೇಳುವ ಹೆಸರನ್ನು ಮಾತ್ರ ತೀರ್ಮಾನವೆಂದು ಬರೆದುಕೊಳ್ಳಬಾರದು. ಅವರಿಗೆ ಲಾಭವಿರುವುದು ಹೆಸರಿನಲ್ಲಿ, ಅಳತೆಯಲ್ಲಲ್ಲ.

ಪೌಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ, ಒಳಗೆ ಬಿಳಿಯ ಹತ್ತಿ ಬಟ್ಟೆಯನ್ನು ಸಡಿಲವಾಗಿ ತುಂಬಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಕು. ಬರೆದ ಹಾಳೆಯ ಒಂದು ಪ್ರತಿ ಅದೇ ಪೆಟ್ಟಿಗೆಯಲ್ಲಿರಲಿ. ಮುಂದೆ ಹೊಸ ಸಾಕ್ಷ್ಯ ಸಿಕ್ಕಾಗ ಹಳೆಯ ತೀರ್ಮಾನವನ್ನು ಹೊಡೆದುಹಾಕದೆ, ಅದರ ಕೆಳಗೆ ದಿನಾಂಕ ಹಾಕಿ ಹೊಸದನ್ನು ಬರೆಯಬೇಕು.